ಶೀಟಿನ ಕೆಳಗೆ ಹದಿನೆಂಟು ಮಕ್ಕಳು

ಮಾರ್ಚ್ 12, ಬುಧವಾರ

ಹದಿನೆಂಟರಲ್ಲಿ ಹದಿನೇಳು ಮಕ್ಕಳು ಬಂದಿದ್ದವು. ಆ್ಯಪ್‌ನಲ್ಲಿ ಹಾಜರಿ ಹಾಕುವುದಕ್ಕೇ ಅರ್ಧ ಗಂಟೆ. ನೆಟ್‌ವರ್ಕ್ ಇಲ್ಲ. ಕೊನೆಗೆ ಬೀದಿಗೆ ಬಂದು ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತೆ. ನೋಡಿದವರು ನಕ್ಕರು. ನಗಲಿ.

ಬಿಸಿಲು ಆಗಲೇ ಜೋರು. ಹನ್ನೊಂದೂವರೆ ದಾಟಿದರೆ ಮೇಲಿನ ಸಿಮೆಂಟ್ ಶೀಟು ಕಾದು ಚಿಟ್ ಚಿಟ್ ಅನ್ನುತ್ತದೆ. ಮಕ್ಕಳಿಗೆ ಅದೊಂದು ಆಟ — ಪ್ರತಿ ಸದ್ದಿಗೂ "ಅಲ್ಲಿ! ಅಲ್ಲಿ!" ಎಂದು ಬೆರಳು ತೋರಿಸುತ್ತವೆ. ನನಗೆ ತಲೆನೋವು. ಫ್ಯಾನು ಹಾಕಿದರೆ ಮೇಲಿನ ಬಿಸಿಯನ್ನೇ ತಂದು ಕೆಳಗೆ ಸುರಿಯುತ್ತದೆ.

ಉರಿಗಾಂನ ಈ ಲೈನಿನಲ್ಲಿ, ಚಿನ್ನದ ಗಣಿಯವರ ಈ ಸಾಲುಮನೆಗಳಲ್ಲಿ, ಎಲ್ಲ ಮನೆಗೂ ಇದೇ ಸೂರು. ನಮ್ಮ ಅಂಗನವಾಡಿ ಇರುವುದು ಸೆಲ್ವರಾಜಣ್ಣನ ಮನೆಯ ಮುಂದಿನ ಎರಡು ರೂಮಿನಲ್ಲಿ. ಹಿಂದಿನ ಭಾಗದಲ್ಲಿ ಅವರು, ಅವರ ಹೆಂಡತಿ ಮೀನಕ್ಕ. ಅಣ್ಣ ಮೈನ್ಸಿನಲ್ಲಿ ಕಾರ್ಪೆಂಟರ್ ಆಗಿದ್ದವರು. ಎದೆಯಲ್ಲಿ ಕಲ್ಲಿನ ಧೂಳು ಕೂತುಬಿಟ್ಟಿದೆ. ಅವರ ಕೆಮ್ಮು ಕೇಳಿದರೆ ಗಂಟೆ ಎಷ್ಟೆಂದು ಹೇಳಬಹುದು, ಅಷ್ಟು ನಿಯಮ.

ಸಂಜೆ ಸೂಪರ್‌ವೈಸರ್ ಸುಕನ್ಯ ಮೇಡಂ ಫೋನು. "ಕಲ್ಪನಾ, ಕಟ್ಟಡ ಸರಿಯಿಲ್ಲದ ಕೇಂದ್ರಗಳನ್ನ ಪಕ್ಕದ್ದಕ್ಕೆ ಸೇರಿಸೋ ಮಾತು ನಡೀತಿದೆ. ನಿಮ್ಮದು ಹೇಗಿದೆ?"

ಚೆನ್ನಾಗಿದೆ ಮೇಡಂ ಅಂದೆ. ಪಕ್ಕದ್ದು ಎಂದರೆ ರೈಲ್ವೆ ಲೈನಿನ ಆಚೆ. ಮೂರು ವರ್ಷದ ಮಕ್ಕಳನ್ನು ಅಜ್ಜಿಯರು ಹಳಿ ದಾಟಿಸಿಕೊಂಡು ಹೋಗಬೇಕು. ಅರ್ಧ ಜನ ಕಳಿಸುವುದೇ ಇಲ್ಲ, ಗೊತ್ತು ನನಗೆ.

ಮಾರ್ಚ್ 18, ಮಂಗಳವಾರ. ಸಂಜೆ 6

ಮನೆಗೆ ಬಂದದ್ದೇ ಇದನ್ನು ಹಿಡಿದು ಕೂತೆ. ಬರೆದರೆ ಸಮಾಧಾನ ಆಗಬಹುದು.

ಮಧ್ಯಾಹ್ನ ಒಂದೂವರೆ. ಊಟ ಮುಗಿದು ಮಕ್ಕಳು ಮಲಗಿದ್ದವು. ಮಲಗುವುದೇನು, ಬೆವರಿನಲ್ಲಿ ಹೊರಳಾಟ. ನಾನು ಮುಂದಿನ ರೂಮಿನಲ್ಲಿ ಗರ್ಭಿಣಿಯರಿಗೆ ಹೆಸರುಕಾಳು ಕೊಡುತ್ತಿದ್ದೆ. ಹೆಲ್ಪರ್ ಆದಿಲಕ್ಷ್ಮಮ್ಮಕ್ಕ ಹಿಂದೆ ಪಾತ್ರೆ ತೊಳೆಯುತ್ತಿದ್ದರು. ಹೆಚ್ಚೆಂದರೆ ಕಾಲು ಗಂಟೆ. ಒಳಗೆ ಹೋಗಿ ನೋಡಿದರೆ ಎಲ್ಲ ಮಕ್ಕಳೂ ಹೊರಳುತ್ತಿವೆ, ಮೂಲೆಯಲ್ಲಿ ಲಿಖಿತ ಮಾತ್ರ ಅಲುಗಾಡುತ್ತಿಲ್ಲ. ನಿದ್ದೆ ಬಂತಲ್ಲ ಪುಣ್ಯ ಅಂದುಕೊಂಡೆ. ಮುಟ್ಟಿದರೆ — ಮೈ ಕೆಂಡ. ಕಣ್ಣು ಅರೆ ತೆರೆದಿದೆ. ಕರೆದರೆ ಓಗೊಡುತ್ತಿಲ್ಲ.

ಕಿರುಚಿದೆ ಅನ್ನಿಸುತ್ತದೆ. ಸೆಲ್ವರಾಜಣ್ಣ ಕೆಮ್ಮುತ್ತಲೇ ಓಡಿ ಬಂದರು. "ತಣ್ಣಿ, ನೀರು, ನೀರು! ಒದ್ದೆ ಬಟ್ಟೆ ಹಾಕಮ್ಮಾ ಮೈ ಮೇಲೆ!" ಉಳಿದ ಮಕ್ಕಳನ್ನು ಮೀನಕ್ಕನಿಗೆ ಒಪ್ಪಿಸಿ ನಾನೂ ಆದಿಲಕ್ಷ್ಮಮ್ಮಕ್ಕನೂ ಆಟೋ ಹತ್ತಿದೆವು. ಸರ್ಕಾರಿ ಆಸ್ಪತ್ರೆ. ಡ್ರಿಪ್ ಹಾಕಿದರು. ಒಂದು ಗಂಟೆ ಕಳೆದ ಮೇಲೆ ಕಣ್ಣು ಬಿಟ್ಟಳು. "ಮಿಸ್" ಅಂದಳು.

ದೇವರೇ. ಆ ಒಂದು ಮಾತು.

ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಝಳಕ್ಕೆ ಆಗಿದ್ದು. ಶೀಟಿನ ಮನೆಯಾ? ಇನ್ನು ಸ್ವಲ್ಪ ತಡ ಆಗಿದ್ರೆ ಕಷ್ಟ ಇತ್ತು" ಅಂದರು. ಅಷ್ಟರಲ್ಲಿ ಲಿಖಿತಳ ಅಜ್ಜಿ ಚಿಕ್ಕವೆಂಕಟಮ್ಮ ಬಂದರು. ಏನಾಯಿತು, ಏನಾಯಿತು ಎಂದು ಅಳು. ನನ್ನ ಬಾಯಿಗೆ ಬಂದದ್ದು — "ಜ್ವರ ಇತ್ತಮ್ಮ ಮಗೂಗೆ. ಬೆಳಿಗ್ಗೆನೇ ಇತ್ತು ಅನ್ಸುತ್ತೆ."

ಇಷ್ಟೇ ಆಗಿದ್ದರೂ ಹೋಗಲಿ ಅನ್ನಬಹುದಿತ್ತು. ಆಮೇಲೆ ರಿಪೋರ್ಟಿನಲ್ಲೂ ಅದನ್ನೇ ಬರೆದೆ. ಮಗು ಜ್ವರದಿಂದಲೇ ಕೇಂದ್ರಕ್ಕೆ ಬಂದಿತ್ತು. ಸಹಿ ಹಾಕಿದೆ. ಝಳ ಎಂದು ಬರೆದರೆ ನಾಳೆಯೇ ಬೀಗ ಅನ್ನುವುದೊಂದೇ ತಲೆಯಲ್ಲಿತ್ತು.

ಮಾರ್ಚ್ 19, ಬುಧವಾರ

ಲಿಖಿತ ಮನೆಗೆ ಬಂದಿದ್ದಾಳೆ. ಇಡ್ಲಿ ತಿಂದಳಂತೆ. ಅರ್ಧ ಜೀವ ಬಂತು.

ನೋಡಲು ಹೋಗಿದ್ದೆ. ತಾಯಿ ಅರ್ಚನ ರಜೆ ಹಾಕಿ ಮನೆಯಲ್ಲಿದ್ದಳು. ನರಸಾಪುರದ ಕಡೆ ಫ್ಯಾಕ್ಟರಿ ಕೆಲಸ, ಬೆಳಗ್ಗೆ ಐದೂವರೆಗೆ ಕಂಪನಿ ಬಸ್ಸು. ಅತ್ತೆ ಚಿಕ್ಕವೆಂಕಟಮ್ಮ ನನ್ನೆದುರಿಗೇ ಬಯ್ಯುತ್ತಿದ್ದರು. "ಮಗೀಗೆ ಮೈ ಸುಡ್ತಾ ಇದ್ರೂ ನೋಡ್ದೆ ಬಸ್ಸತ್ತಿ ಓದ್ಲು ನೋಡಮ್ಮ. ನನ್ ಮುದ್ಕಿ ಕೈಗೆ ತಿಳೀಲಿಲ್ಲ, ಎತ್ತೋಳ್ಗೆ ತಿಳೀಬಾರ್ದಾ? ದುಡ್ಡು ದೊಡ್ದಾ, ಮಗಾ ದೊಡ್ದಾ?"

ಅರ್ಚನ ಮಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತಿದ್ದಳು.

 ಕಾಫಿ ಕೊಟ್ಟರು. ಕುಡಿದು ಬಂದೆ.

ಮಾರ್ಚ್ 21, ಶುಕ್ರವಾರ

ನಾನು ದಿನಾ ಟ್ರೇನು ಹತ್ತುವ ಬಂಗಾರಪೇಟೆಯಿಂದ ಗೋಡೆಗೆ ಹಾಕುವ ಥರ್ಮಾಮೀಟರ್ ತಂದೆ. ಮಧ್ಯಾಹ್ನ ಎರಡಕ್ಕೆ ಹೊರಗಿನ ನೆರಳಲ್ಲಿ ಮೂವತ್ತಾರು. ಮಕ್ಕಳ ರೂಮಿನಲ್ಲಿ ನಲವತ್ತು. ಮನೆ ಎನ್ನುವುದು ಬಿಸಿಲಿಗಿಂತ ಕೆಟ್ಟದ್ದಾದರೆ ಅದು ಯಾತರ ಮನೆ?

ಎರಡು ದಿನದಿಂದ ಮಕ್ಕಳನ್ನು ಹನ್ನೊಂದಕ್ಕೇ ಹೊರಗೆ ಹೊಂಗೆಮರದ ಕೆಳಗೆ ಕೂರಿಸುತ್ತಿದ್ದೇವೆ. ನಾಯಿ, ಬೈಕು, ಧೂಳು. ಇದು ಎಷ್ಟು ದಿನ?

ಸೆಲ್ವರಾಜಣ್ಣನ ಹತ್ತಿರ ಕೇಳಿದೆ — ಸೂರಿಗೆ ಏನಾದರೂ ಮಾಡಲು ಬಿಡುತ್ತೀರಾ? ಅವರು ಒಂದು ನಿಮಿಷ ಉಸಿರು ಕೂಡಿಸಿಕೊಂಡು, "ಮಾಡು ಟೀಚರಮ್ಮಾ. ಆ ಪೊಣ್ಣು ಕಣ್ ಬಿಡ್ದೆ ಮಲ್ಗಿದ್ದು ನಂಗೂ ಇನ್ನೂ ಕಣ್ಮುಂದೆನೇ ಐತೆ" ಅಂದರು. ಆಮೇಲೆ ಬೆರಳೆತ್ತಿ, "ಆದ್ರೆ ಒಂದ್ ಮಾತು. ಈ ಶೀಟನ್ನ ಕೊರೀಬಾರ್ದು, ಕೆರೀಬಾರ್ದು, ಒಡೀಬಾರ್ದು. ಇದ್ರೊಳ್ಗೆ ಕಲ್ನಾರು ಐತೆ. ಆ ಧೂಳು ಒಳ್ಗೋದ್ರೆ ಮಕ್ಳೂ ನನ್ನಂಗೇ ಆಯ್ತಾರೆ."

ಶೀಟು ಕಿತ್ತು ಬೇರೆ ಹಾಕುವ ಯೋಚನೆ ಅಲ್ಲಿಗೇ ಮುಗಿಯಿತು. ಇರುವುದರ ಮೇಲೆ, ಇಲ್ಲವೇ ಇರುವುದರ ಕೆಳಗೆ.

ಮಾರ್ಚ್ 23, ಭಾನುವಾರ

ಮನೆಯವರನ್ನು ಕರೆದುಕೊಂಡು ಬಂಗಾರಪೇಟೆಯೆಲ್ಲ ಸುತ್ತಿದೆ. ಹಸುಗಳಿಗೆ ಮೇವು ಹಾಕಿ ಹಾಲು ಡೈರಿಗೆ ಕೊಟ್ಟು ಬರುವಷ್ಟರಲ್ಲಿ ಹತ್ತೂವರೆ. ಬೈಕಿನ ಸೀಟು ಕಾದ ಹೆಂಚು.

ಸೀಲಿಂಗ್ ಮಾಡುವ ಅಂಗಡಿಯವನು ಮೂರು ತೋರಿಸಿದ. ಥರ್ಮಾಕೋಲ್ — ಹಗುರ, ಅಗ್ಗ, ಒಂದೇ ದಿನದ ಕೆಲಸ. ಗಾಜಿನ ನಾರು — ಹಳದಿ ಹತ್ತಿಯ ಥರ, ಮುಟ್ಟಿದರೆ ಬೆರಳೆಲ್ಲ ಕಡಿತ. ಮೂರನೆಯದು ತಗಡಿನ ನಡುವೆ ಫೋಮ್ ತುಂಬಿದ ಹೊಸ ಶೀಟು. ಅದರ ರೇಟು ಕೇಳಿ ಮನೆಯವರು ನನ್ನ ಮುಖ ನೋಡಿದರು, ನಾನು ಬೀದಿ ನೋಡಿದೆ.

"ಥರ್ಮಾಕೋಲೇ ಹಾಕ್ಸಮ್ಮ, ಎಲ್ರೂ ಅದೇ ಹಾಕ್ಸೋದು" ಅಂದ ಅಂಗಡಿಯವನು.

ನಮ್ಮ ಮನೆಯವರಿಗೆ ಅವರದೇ ಯೋಚನೆ. "ನಮ್ ಕೊಟ್ಗೆ ಮ್ಯಾಲೆ ರಾಗಿ ಉಲ್ಲು ಆಕಿದ್ದೀವಲ್ಲ, ಅಸು ತಣ್ಗಿರ್ತವೆ. ಅಂಗೇ ಅಲ್ಲೂ ಆಕ್ಬುಡು." ಹಸುಗಳು ಬೆಂಕಿ ಹಚ್ಚುವುದಿಲ್ಲ, ಅಲ್ಲಿ ಗ್ಯಾಸ್ ಒಲೆ ಇದೆ ಅಂದೆ. ಇಲಿ ಬೇರೆ. ಆದರೂ ಎಲ್ಲದರದೂ ಒಂದೊಂದು ತುಂಡು ಚೀಲದಲ್ಲಿ ಹಾಕಿಕೊಂಡೆ. ಹಗ್ಗದ ಅಂಗಡಿಯಲ್ಲಿ ತೆಂಗಿನ ನಾರು ಕಂಡಿತು. ಅದನ್ನೂ ಒಂದು ಹಿಡಿ.

ಮಾರ್ಚ್ 24, ಸೋಮವಾರ

ಮಕ್ಕಳು ಹೋದ ಮೇಲೆ ಹಿತ್ತಲಲ್ಲಿ ಬೆಂಕಿ ಪರೀಕ್ಷೆ. ಆದಿಲಕ್ಷ್ಮಮ್ಮಕ್ಕ ಬಕೆಟ್ ನೀರು ಹಿಡಿದು ನಿಂತರು, ನಾನು ಬೆಂಕಿಪೊಟ್ಟಣ.

ಥರ್ಮಾಕೋಲ್: ಕಡ್ಡಿ ತಾಗಿದ್ದೇ ಮುದುಡಿಕೊಂಡಿತು. ಕಪ್ಪು ಹೊಗೆ. ಕರಗಿ ಹನಿಹನಿಯಾಗಿ ಉರಿಯುತ್ತಲೇ ಕೆಳಗೆ ಬಿತ್ತು. ಆದಿಲಕ್ಷ್ಮಮ್ಮಕ್ಕ ಹೇಳಿದ್ದು ಒಂದೇ ಮಾತು — "ಮಲ್ಗಿರೋ ಮಕ್ಳ ಮ್ಯಾಲೆ." 

ರಾಗಿ ಹುಲ್ಲು: ಹೇಳುವುದೇ ಬೇಡ.

ಗಾಜಿನ ನಾರು: ಉರಿಯಲಿಲ್ಲ. ಬೆಂಕಿಗೆ ಅದೇ ಒಳ್ಳೆಯದು. ಆದರೆ ಸೆಲ್ವರಾಜಣ್ಣ ಅದನ್ನು ಕೈಯಲ್ಲಿ ಹಿಡಿದು ಬಿಸಿಲಿಗೆ ಕೊಡವಿದರು. ಸೂಜಿಯಂಥ ಎಳೆಗಳು ಗಾಳಿಯಲ್ಲಿ ಮಿನುಗಿದವು. "ನೋಡು. ಮುಚ್ಚಿ ಭದ್ರ ಮಾಡಿದ್ರೆ ತೊಂದ್ರೆ ಇಲ್ಲ ಅಂತಾರೆ. ಇಲಿ ಒಂದ್ ತೂತು ಮಾಡಿದ್ರೆ? ವೇಂಡಾಂ ಟೀಚರಮ್ಮಾ. ನಾನು ಬದುಕಿರೋವರ್ಗೂ ಈ ಮನೆಗೆ ಎಳೆ ಉದ್ರೋ ಸಾಮಾನು ಬೇಡ."

ತೆಂಗಿನ ನಾರು: ಬೇಗ ಹೊತ್ತಲಿಲ್ಲ, ಆದರೆ ಹೊತ್ತಿದ ಮೇಲೆ ಒಳಗೊಳಗೇ ಕನಲುತ್ತಾ ಹೋಯಿತು.

ನಾಲ್ಕೂ ಫೇಲ್. ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಸೆಲ್ವರಾಜಣ್ಣ ಆ ಸುಟ್ಟ ನಾರನ್ನೇ ನೋಡುತ್ತಿದ್ದರು. ಏನೋ ನೆನಪು ಮಾಡಿಕೊಳ್ಳುವವರ ಹಾಗೆ. "ನಾಳೆ ಹೇಳ್ತೀನಿ ಇರು" ಅಂದು ಒಳಗೆ ಹೋದರು.

ಮಾರ್ಚ್ 25, ಮಂಗಳವಾರ

ಸೆಲ್ವರಾಜಣ್ಣ ಬೆಳಗ್ಗೆಯೇ ಕಾದಿದ್ದರು. ಕೈಯಲ್ಲಿ ಒಣಗಿದ ಸುಣ್ಣದಿಂದ ಬಿರುಸಾದ ಒಂದು ಗೋಣಿ ತುಂಡು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಂದಿದುರ್ಗ ಮೈನ್ಸ್ ಕಡೆ ಆಫೀಸರ್ ಬಂಗಲೆಗಳ ರಿಪೇರಿಗೆ ಹಾಕಿದ್ದರಂತೆ. "ಮೇಲೆ ತಗಡೇ ಇರ್ತಿತ್ತು. ಕೆಳಗೆ ಮರದ ಫ್ರೇಮು ಕಟ್ಟಿ ಗೋಣಿ ಬಟ್ಟೆ ಎಳ್ದು ಮೊಳೆ ಹೊಡ್ದು ಸುಣ್ಣ ಬಳೀತಿದ್ವಿ. ಒಳ್ಗೆ ಹೋದ್ರೆ ಜಿಲ್ ಅನ್ನೋದು. ವರ್ಷಕ್ಕೊಂದ್ಸಲ ಸುಣ್ಣ, ಅಷ್ಟೇ. ನಿನ್ನೆ ನೆಪ್ಗೆ ಬಂತು. ತುಂಡು ಅದ್ದಿ ಇಟ್ಟಿದ್ದೆ. ಹಚ್ಚು ಈಗ."

ಹಚ್ಚಿದೆ. ಅಂಚು ಕಪ್ಪಾಯಿತು. ಜ್ವಾಲೆ ಹಿಡಿಯಲಿಲ್ಲ. ಕಡ್ಡಿ ತೆಗೆದರೆ ಆರಿತು. ಇನ್ನೊಂದು ಕಡ್ಡಿ. ಮತ್ತೊಂದು. ಪೊಟ್ಟಣದ ಅರ್ಧ ಕಡ್ಡಿ ಖಾಲಿ ಮಾಡಿದೆ.

ಅವರ ಲೆಕ್ಕ: ಎರಡು ಪದರ ಸುಣ್ಣದ ಗೋಣಿ, ನಡುವೆ ಸುಣ್ಣದ ನೀರಲ್ಲಿ ಅದ್ದಿ ಒಣಗಿಸಿದ ತೆಂಗಿನ ನಾರು. ಹಾಸಿಗೆಯ ಥರ. ಶೀಟಿಗೂ ಅದಕ್ಕೂ ಮಧ್ಯೆ ಒಂದಡಿ ಖಾಲಿ ಜಾಗ. ಆ ಜಾಗದ ಬಿಸಿ ಹೊರಗೆ ಹೋಗಲು ಎರಡು ಕಡೆಯ ಗೋಡೆಯ ಮೇಲ್ತುದಿಯಲ್ಲಿ ಜಾಲರಿ ಕಿಂಡಿ. ಫ್ರೇಮು ಗೋಡೆಗೆ ಮಾತ್ರ ಬಿಗಿಯುವುದು, ಶೀಟಿಗೆ ಒಂದು ಮೊಳೆಯೂ ಇಲ್ಲ. ಶೀಟಿನ ಮೇಲ್ಗಡೆಗೂ ಬಿಳಿ ಸುಣ್ಣ.

ಗೋಣಿ ಬಂಗಾರಪೇಟೆ ಮಂಡಿಯಲ್ಲಿ ಹಳೆಯದು ಸಿಗುತ್ತದೆ. ಸುಣ್ಣ, ನಾರು ಎಲ್ಲ ಕಡೆ. ಥರ್ಮಾಕೋಲಿಗಿಂತಲೂ ಕಡಿಮೆಗೆ ಆಗುತ್ತದೆ, ಕೂಲಿ ನಾವೇ ಮಾಡಿದರೆ. ನಾಳೆ ಕಿತ್ತು ಬಿಸಾಡಿದರೂ ಮಣ್ಣಿಗೆ ಮಣ್ಣು.

ಇಂದು ಊಟ ರುಚಿಸಿತು.

ಮಾರ್ಚ್ 28, ಶುಕ್ರವಾರ

ರುಚಿಸಿದ್ದು ಅಷ್ಟೇ ದಿನ.

ಸಾಮಾನಿಗೆ ಇಲಾಖೆಯಿಂದ ಸ್ವಲ್ಪ ಸಿಗಬಹುದು, ಅರ್ಜಿ ಕೊಡಿ ಅಂದರು ಸುಕನ್ಯ ಮೇಡಂ. ಫಾರಂ ತಂದೆ. "ದುರಸ್ತಿಯ ಕಾರಣ" ಎಂದು ಒಂದು ಕಾಲಂ. ಅಲ್ಲೇ ಪೆನ್ನು ನಿಂತಿತು. ಝಳ ಎಂದು ಬರೆದರೆ ಹದಿನೆಂಟನೇ ತಾರೀಕಿನ ರಿಪೋರ್ಟು ಸುಳ್ಳು. ಬರೆಯದಿದ್ದರೆ ಅರ್ಜಿಯೇ ಸುಳ್ಳು.

ಅದನ್ನೇ ಯೋಚಿಸುತ್ತಾ ಕೂತಿದ್ದೆ. ಆದಿಲಕ್ಷ್ಮಮ್ಮಕ್ಕ ಬಂದು ಹೇಳಿದರು. "ಅರ್ಚನ ಕೆಲ್ಸ ಬುಟ್ಬುಟ್ಟವ್ಳಂತೆ ಮೇಡಂ. ಅತ್ತೆ ಓಗ್ಬೇಡ ಅಂದ್ಲಂತೆ. ಇವ್ಳೂ ನಂಗೇ ಬೇಡ ಅಂದ್ಲಂತೆ. ಜ್ವರ ಬಂದಿರೋ ಮಗೀನ ಬುಟ್ಟೋದ ತಾಯಿ ಅಂತ ಲೈನೆಲ್ಲ ಮಾತಾಡ್ತವ್ರೆ."

ಆದಿಲಕ್ಷ್ಮಮ್ಮಕ್ಕನಿಗೆ ಗೊತ್ತು ನಿಜ ಏನೆಂದು. ಆಸ್ಪತ್ರೆಗೆ ನನ್ನ ಜೊತೆಗೇ ಬಂದಿದ್ದರಲ್ಲ. ನನ್ನ ಮುಖ ನೋಡಲಿಲ್ಲ, ಹೇಳಿ ಒಲೆಯ ಕಡೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 30, ಭಾನುವಾರ. ಯುಗಾದಿ

ಒಬ್ಬಟ್ಟು ಮಾಡಿದೆ. ನನ್ನದನ್ನು ಮುರಿದು ಎಲೆಯಲ್ಲೇ ಬಿಟ್ಟೆ. ಮನೆಯವರಿಗೆ ಎಲ್ಲ ಹೇಳಿಬಿಟ್ಟೆ. ಅವರು ಎಲೆ ಮಡಚಿಟ್ಟು ಕೈ ತೊಳೆದು ಬಂದರು. ಆಮೇಲೆ, "ಕೆಲ್ಸ ಓದ್ರೆ ಓಗ್ಲಿ, ಅಸುಗೋಳ್ ಅವೆ. ಆ ಎಣ್ಮಗ್ಳು ತಲೆ ಮ್ಯಾಲಿರೋದು ಇಳ್ಸು ಮೊದ್ಲು" ಅಂದರು.

ಮಾರ್ಚ್ 31, ಸೋಮವಾರ

ಹೋದೆ. ಬೆಳಗ್ಗೆ ಹತ್ತಕ್ಕೆ. ಸರ್ಕಾರಿ ರಜೆ, ಕೇಂದ್ರ ಇಲ್ಲ. ಟ್ರೇನಿನಲ್ಲಿ ಏನು ಹೇಳಬೇಕೆಂದು ಸಾಲು ಸಾಲಾಗಿ ಜೋಡಿಸಿಕೊಂಡಿದ್ದೆ. ಬಾಗಿಲಲ್ಲಿ ಲಿಖಿತ ಓಡಿ ಬಂದು ಕಾಲು ತಬ್ಬಿಕೊಂಡಳು, ಎಲ್ಲ ಮರೆತುಹೋಯಿತು.

ಅರ್ಚನ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಚಿಕ್ಕವೆಂಕಟಮ್ಮ ಬಾಗಿಲ ಪಕ್ಕ. ನಿಂತೇ ಹೇಳಿದೆ.

"ಅರ್ಚನಾ, ಆವತ್ತು ಲಿಖಿತಂಗೆ ಜ್ವರ ಇರ್ಲಿಲ್ಲ. ನಮ್ ಶೀಟಿನ ಝಳಕ್ಕೆ ಆಗಿದ್ದು. ಡಾಕ್ಟರಮ್ಮ ನಂಗೆ ಆವತ್ತೇ ಹೇಳಿದ್ರು. ನಾನು ಸುಳ್ಳು ಹೇಳ್ದೆ. ರಿಪೋರ್ಟಲ್ಲೂ ಸುಳ್ಳೇ ಬರೆದೆ."

ಅವಳು ಕೈಯಲ್ಲಿದ್ದ ಎಸಳನ್ನು ತಟ್ಟೆಗೆ ಹಾಕಿದಳು.   ದನಿ ಏರಿಸಲಿಲ್ಲ.

"ಅದಿಮೂರು ದಿನ ಟೀಚರ್. ಬೆಳಿಗ್ಗೆ ಓಗೋವಾಗ ಮಗೀನ ಮೈ ಮುಟ್ಟಿದ್ನಾ, ಮುಟ್ಲಿಲ್ವಾ ಅಂತ ಅದಿಮೂರು ದಿನದಿಂದ ಅದೊಂದೇ ಯೋಚ್ನೆ. ಮುಟ್ಟಿದ್ದೆ ಅಂತ ನೆಪ್ಪು ಬರೋದು. ಆಮೇಲೆ, ಇಲ್ಲ, ನಾನೇ ಅಂಗಂದ್ಕೊಂತಾ ಇದ್ದೀನಿ ಅನ್ಸೋದು. ನಂಗೆ ತಲೆ ಕೆಟ್ಟೋಯ್ತು ಅಂದ್ಕೊಂಡೆ."

"ಮುಟ್ಟಿರ್ತೀಯಾ. ಮೈ ತಣ್ಣಗೇ ಇತ್ತು ಬೆಳಿಗ್ಗೆ. ನಾನೇ ಎತ್ಕೊಂಡಿದ್ದೆ."

ಅಳು ಬಂತು ಅವಳಿಗೆ. ನನಗೂ. ಅವಳು ನನ್ನ ಕಡೆ ತಿರುಗಲಿಲ್ಲ. "ನೀವು ಈಗ ಓಗಿ ಟೀಚರ್. ಬೈಬೇಕು ಅನ್ಸ್ತೈತೆ ನಂಗೆ. ಮಗಾ ಎದುರ್ಗೈತೆ" ಅಂದಳು.

ಹೊರಟೆ. ಚಿಕ್ಕವೆಂಕಟಮ್ಮ ಗೇಟಿನ ತನಕ ಬಂದರು. ಬೈಯುತ್ತಾರೆ ಅಂದುಕೊಂಡೆ. ಸೆರಗಿನಿಂದ ಬಾಯಿ ಒರೆಸಿಕೊಂಡು, "ನಾನೂ ಎಷ್ಟ್ ಮಾತಂದೆ ಆ ಎಣ್ಣಿಗೆ" ಅಂದರು. ಅಷ್ಟೇ.

ಟ್ರೇನಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ನಾಚಿಕೆ ಇತ್ತು, ಭಯ ಇತ್ತು. ಆದರೂ ಎದೆಯ ಮೇಲಿದ್ದ ಕಲ್ಲು ಇಲ್ಲ. ಬಂಗಾರಪೇಟೆ ಬಂದದ್ದೇ ತಿಳಿಯಲಿಲ್ಲ, ನಿದ್ದೆ ಹೋಗಿದ್ದೆ.

ಏಪ್ರಿಲ್ 1, ಮಂಗಳವಾರ

ಸುಕನ್ಯ ಮೇಡಂ ಮುಂದೆ ಕೂತು ಹೊಸ ರಿಪೋರ್ಟ್ ಬರೆದೆ. ಓದಿದರು. ಕನ್ನಡಕ ತೆಗೆದಿಟ್ಟರು.

"ಇದಕ್ಕೆ ಮೆಮೊ ಬರುತ್ತೆ ಕಲ್ಪನಾ. ನಾನು ತಪ್ಪಿಸೋಕಾಗಲ್ಲ. ತಪ್ಪಿಸೋದೂ ಇಲ್ಲ."

"ಬರಲಿ ಮೇಡಂ."

"ಸೂರು ಸರಿಯಾಗೋವರೆಗೆ ಹನ್ನೊಂದು ಗಂಟೆ ಮೇಲೆ ಮಕ್ಕಳು ಒಳಗಿರಬಾರದು. ಹದಿನಾರನೇ ತಾರೀಕು ನಾನೇ ಬಂದು ಮಧ್ಯಾಹ್ನ ಎರಡು ಗಂಟೆಗೆ ನೋಡ್ತೀನಿ. ಮೂವತ್ತೈದರ ಒಳಗಿದ್ರೆ ಕೇಂದ್ರ ಇರುತ್ತೆ. ಇಲ್ಲಾಂದ್ರೆ ಸೇರಿಸಬೇಕು ಅಂತ ನಾನೇ ಬರೀತೀನಿ."

ಎಷ್ಟು ಸರಳ. ಒಂದು ನಂಬರು. ಅರ್ಜಿಯ ಕಾರಣದ ಕಾಲಂನಲ್ಲಿ ಝಳ ಎಂದು ದಪ್ಪಕ್ಷರದಲ್ಲಿ ಬರೆದೆ. ಸಹಿ ಮಾಡಿಸಿಕೊಂಡು ಬಂದೆ.

ಏಪ್ರಿಲ್ 6, ಭಾನುವಾರ. ಸಂಜೆ

ಬೆನ್ನು ಎರಡು ತುಂಡು.

ಬೆಳಗ್ಗೆ ಏಳಕ್ಕೇ ಮನೆಯವರು ಬೈಕಿನ ಹಿಂದೆ ಗೋಣಿಯ ಗುಡ್ಡ ಕಟ್ಟಿಕೊಂಡು ಹೊರಟರು. ನಾನು ಟ್ರೇನಿನಲ್ಲಿ. ಸುಣ್ಣವನ್ನು ನಿನ್ನೆಯೇ ಡ್ರಮ್ಮಿನಲ್ಲಿ ನೆನೆಸಿ, ಮಕ್ಕಳು ಬಾರದ ಹಾಗೆ ಹಿತ್ತಲ ಬಾಗಿಲಿಗೆ ಬೀಗ ಹಾಕಿದ್ದೆ. ತಾಯಂದಿರು ಆರು ಜನ ಬಂದರು. ಶೀಟಿಗೆ ಸುಣ್ಣ ಬಳಿಯಲು ಮೇಲೆ ಹತ್ತಿದ ನಮ್ಮ ಮನೆಯವರಿಗೆ ಸೆಲ್ವರಾಜಣ್ಣ ಕುರ್ಚಿ ಹಾಕಿಕೊಂಡು ಕೂತು ಆರ್ಡರ್. "ಮುನೇಶಾ, ಶೀಟ್ ಮೇಲೆ ಕಾಲಿಡ್ಬೇಡಪ್ಪಾ! ಹಲಗೆ, ಹಲಗೆ ಮೇಲೆ!" ಮೀನಕ್ಕ ಅಣ್ಣನ ಮೂಗಿಗೆ ಒದ್ದೆ ಟವೆಲು ಕಟ್ಟಿ ಪಕ್ಕದಲ್ಲೇ ಕಾಯುತ್ತಿದ್ದರು.

ಗೋಣಿ ಬಿಚ್ಚಿ, ಒಗೆದು, ಹೊಲಿದು ಅಗಲ ಮಾಡುವುದು ದೊಡ್ಡ ಕೆಲಸ. ದಬ್ಬಳ ಹಿಡಿದು ನನ್ನ ಬೆರಳೆಲ್ಲ ತೂತು. ಹನ್ನೊಂದರ ಹೊತ್ತಿಗೆ ಪಕ್ಕದಲ್ಲಿ ಯಾರೋ ಕೂತು ಇನ್ನೊಂದು ದಬ್ಬಳಕ್ಕೆ ದಾರ ಪೋಣಿಸುತ್ತಿದ್ದರು. ಅರ್ಚನ.

 ಒಂದೇ ಗೋಣಿ, ಆ ತುದಿಯಿಂದ ಅವಳು, ಈ ತುದಿಯಿಂದ ನಾನು. ನಡುವಿಗೆ ಬಂದಾಗ ನನ್ನ ಹೊಲಿಗೆ ನೋಡಿ, "ಇದು ಬಿಚ್ಕೊಂತೈತೆ ಟೀಚರ್. ಬುಡಿ ನಾನ್ ಆಕ್ತೀನಿ" ಎಂದು ಅಷ್ಟೂ ಬಿಚ್ಚಿ ಮತ್ತೆ ಹಾಕಿದಳು. ಕ್ಷಮಿಸಿದಳು ಅಂತ ಅಲ್ಲ. ಆದರೂ ಬಂದಳು.

ಏಪ್ರಿಲ್ 9, ಬುಧವಾರ

ನಿನ್ನೆ ಸಂಜೆ ಮಳೆ, ಇಪ್ಪತ್ತು ನಿಮಿಷ. ಶೀಟಿನ ಮೇಲಿನ ಸುಣ್ಣವೆಲ್ಲ ಹಾಲಿನ ಹಾಗೆ ಹರಿದು ಚರಂಡಿಗೆ. ನೋಡಿ ಅಳುವುದೊಂದು ಬಾಕಿ.

ಮೀನಕ್ಕ ಅಳಲು ಬಿಡಲಿಲ್ಲ. ಅಂಟು ಸೇರಿಸದೆ ಬಳಿದರೆ ನಿಲ್ಲುವುದೆಲ್ಲಿ, ಬಣ್ಣದ ಅಂಗಡಿಯವನನ್ನು ಕೇಳು ಎಂದರು. ಕೇಳಿದೆ. ಅಂಟು ಕೊಟ್ಟ. ಸುಣ್ಣಕ್ಕೆ ಕಲಸಿ ಮನೆಯವರು ಇಂದು ಮತ್ತೆ ಎರಡು ಕೋಟ್ ಬಳಿದರು. ಒಣಗಿದ ಮೇಲೆ ಒಂದು ಬಿಂದಿಗೆ ನೀರು ಸುರಿದು ನೋಡಿದೆವು. ಬಿಳಿ ಇಳಿಯಲಿಲ್ಲ.

ಒಳಗಿನ ಫ್ರೇಮು ಆಯಿತು. ಹೆಚ್ಚು ಹೊತ್ತು ನಿಲ್ಲಲಾರದೆ ಸೆಲ್ವರಾಜಣ್ಣ ಕೂತೇ ಮರ ಕೊಯ್ದು ಕೊಟ್ಟರು. ಜೋಡಿಸಿದವರು ಲೈನಿನ ಇಬ್ಬರು. ಒಂದೂ ಸೊಟ್ಟ ಇಲ್ಲ.

ಏಪ್ರಿಲ್ 13, ಭಾನುವಾರ

ನಾರಿನ ಹಾಸು ಮೇಲೇರಿತು. ಕೆಳಗಿನ ಗೋಣಿ ಎಳೆದು ಬಿಗಿದರು. ಸುಣ್ಣದ ಕೊನೆಯ ಕೋಟ್. ರೂಮೆಲ್ಲ ಹೊಸ ಗೋಡೆಯ ವಾಸನೆ. ಚಾವಣಿ ಬೆಳ್ಳಗೆ, ಗೋಣಿಯ ನೇಯ್ಗೆ ಸಣ್ಣಗೆ ಕಾಣುತ್ತದೆ. ಹೊಲಿಗೆ ಎಲ್ಲೆಲ್ಲಿ ಅರ್ಚನಳದು ಎಂದು ನನಗೆ ಗೊತ್ತಾಗುತ್ತದೆ. ನೇರ ಇರುವುದೆಲ್ಲ ಅವಳದು.

ಒಣಗಬೇಕು. ಥರ್ಮಾಮೀಟರ್ ಕಡೆ ತಿರುಗಿ ನೋಡಲಿಲ್ಲ. ಧೈರ್ಯ ಇಲ್ಲ.

ಏಪ್ರಿಲ್ 16, ಬುಧವಾರ. ಮಧ್ಯಾಹ್ನ 3

ಸುಕನ್ಯ ಮೇಡಂ ಒಂದೂವರೆಗೇ ಬಂದರು. ಮಕ್ಕಳು ಮರದ ಕೆಳಗೆ. ಲೈನಿನ ಹೆಂಗಸರೆಲ್ಲ ಬಾಗಿಲಲ್ಲಿ. ಒಳಗೆ ಬಂದವರು ಚಾವಣಿಯನ್ನು ಮೂಲೆಯಿಂದ ಮೂಲೆಗೆ ನೋಡಿದರು. ತಾವೇ ಒಂದು ಥರ್ಮಾಮೀಟರ್ ತಂದಿದ್ದರು. ನಮ್ಮದರ ಪಕ್ಕ ತೂಗುಹಾಕಿ ಕುರ್ಚಿಯಲ್ಲಿ ಕೂತರು. ಅರ್ಧ ಗಂಟೆ. ಅರ್ಧ ಗಂಟೆ ಇಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಎರಡು ಗಂಟೆ. ಹೊರಗೆ ನೆರಳಲ್ಲಿ ಮೂವತ್ತಾರೂವರೆ.

ಒಳಗೆ ಅವರದು ಮೂವತ್ತನಾಲ್ಕು. ನಮ್ಮದು ಮೂವತ್ತನಾಲ್ಕಕ್ಕೆ ಒಂದು ಗೆರೆ ಕಡಿಮೆ.

ಮೇಡಂ ಬರೆದುಕೊಂಡರು. ಎದ್ದು ಕೈ ಮೇಲೆತ್ತಿ ಚಾವಣಿ ಮುಟ್ಟಲು ನೋಡಿದರು, ಎಟುಕಲಿಲ್ಲ. "ಶೀಟಿನ ಬಿಸಿ ತಲೆ ಮೇಲೆ ಕೂರ್ತಾನೇ ಇಲ್ಲವಲ್ಲ" ಅಂದರು. ಆಮೇಲೆ ಸೆಲ್ವರಾಜಣ್ಣನ ಕಡೆ ತಿರುಗಿ, "ಇದರ ಲೆಕ್ಕ ನಂಗೆ ಬರೆದುಕೊಡಿ. ಇನ್ನೂ ಮೂರು ಕೇಂದ್ರ ಶೀಟಿನವೇ ಇವೆ."

ಸೆಲ್ವರಾಜಣ್ಣ ಎದ್ದು ನಿಂತು, "ಬರ್ಯೋದು ಟೀಚರಮ್ಮ ಬರೀಲಿ, ನಾನ್ ಹೇಳ್ತೀನಿ" ಅಂದರು. ಹೇಳುತ್ತಲೇ ಕೆಮ್ಮು ಬಂತು. ಕೆಮ್ಮಿನ ನಡುವೆಯೂ ನಗುತ್ತಿದ್ದರು.

ಮೆಮೊನೂ ಕೊಟ್ಟುಹೋದರು. ಸರ್ವಿಸ್ ರಿಜಿಸ್ಟರಿನಲ್ಲಿ ಇರುತ್ತದೆ, ಅಳಿಸುವುದಿಲ್ಲ. ಇರಲಿ. ನಿಜ ಬರೆದದ್ದಕ್ಕೆ ಬಂದದ್ದಲ್ಲ, ಸುಳ್ಳು ಬರೆದದ್ದಕ್ಕೆ ಬಂದದ್ದು.

ಮೇಡಂ ಜೀಪು ತಿರುವು ದಾಟಿದ ಮೇಲೆ ಆದಿಲಕ್ಷ್ಮಮ್ಮಕ್ಕ ಒಂದು ಶಿಳ್ಳೆ ಹೊಡೆದರು. ಐವತ್ತಾರು ವರ್ಷ ಅವರಿಗೆ. ಶಿಳ್ಳೆ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

ಏಪ್ರಿಲ್ 21, ಸೋಮವಾರ

ಅರ್ಚನಳನ್ನು ಫ್ಯಾಕ್ಟರಿಯವರು ಮತ್ತೆ ತೆಗೆದುಕೊಂಡರು. ಹಳೆಯ ವಿಭಾಗದಲ್ಲಿ ಅಲ್ಲ, ಬೇರೆ ಕಡೆ. ಇವತ್ತಿನಿಂದ. ಬೆಳಗ್ಗೆ ಲಿಖಿತಳನ್ನು ಕರೆತಂದದ್ದು ಚಿಕ್ಕವೆಂಕಟಮ್ಮ. ಒಳಗೆ ಬಂದು ಸುತ್ತ ನೋಡಿ, ಗೋಡೆಗೆ ಒರಗಿ ಕಾಲು ಚಾಚಿ ಕೂತುಬಿಟ್ಟರು.

"ಮನೆಗೋಗಲ್ವಾ ಚಿಕ್ಕವೆಂಕಟಮ್ಮ?"

"ನಮ್ಮನೇಲಿ ಶೆಕೆ ಕಣಮ್ಮ. ಮಧ್ಯಾನದವರ್ಗೂ ಇಲ್ಲೇ ಇರ್ತೀನಿ."

ಸಂಜೆ ಅರ್ಚನಳ ಮೆಸೇಜು. "ಮಲಗಿದ್ಲಾ?" ಮಲಗಿದ್ದಳು ಎಂದು ಫೋಟೊ ಕಳಿಸಿದೆ. ಉತ್ತರ ಬರಲಿಲ್ಲ. ನೀಲಿ ಗುರುತು ಬಂತು. ಸಾಕು.

ಏಪ್ರಿಲ್ 23, ಬುಧವಾರ. ಮಧ್ಯಾಹ್ನ 2.10

ಇದನ್ನು ಕೇಂದ್ರದಲ್ಲೇ ಕೂತು ಬರೆಯುತ್ತಿದ್ದೇನೆ. ಹೀಗೆ ಎಂದೂ ಬರೆದಿಲ್ಲ, ಈ ಹೊತ್ತಿನಲ್ಲಿ ಬಿಡುವೇ ಇರುತ್ತಿರಲಿಲ್ಲ.

ಹದಿನೆಂಟಕ್ಕೆ ಹದಿನೆಂಟೂ ಬಂದಿವೆ. ಹದಿನೆಂಟೂ ಮಲಗಿವೆ. ಒಂದೊಂದು ಸಲ ಎದ್ದು ಹೋಗಿ ಹಣೆ ಮುಟ್ಟಿ ಬರುತ್ತೇನೆ, ಸಾಲಾಗಿ, ಒಂದನ್ನೂ ಬಿಡದೆ. ಎಲ್ಲ ತಣ್ಣಗಿವೆ. ಇದು ಅಭ್ಯಾಸವಾಗಿಬಿಟ್ಟಿದೆ, ಬಿಡುವುದೂ ಬೇಡ. ಹಿಂದಿನ ರೂಮಿನಲ್ಲಿ ಸೆಲ್ವರಾಜಣ್ಣ ಉಳಿದ ಗೋಣಿಯಲ್ಲಿ ತಮ್ಮ ಚಾವಣಿಗೆ ಅಳತೆ ಹಾಕುತ್ತಿದ್ದಾರೆ, ಮೀನಕ್ಕನಿಗೆ ಟೇಪು ಸರಿಯಾಗಿ ಹಿಡಿಯಲು ಬರುವುದಿಲ್ಲವಂತೆ, ಅದೇ ಜಗಳ.

ಮುಂದಿನ ವಾರ ಇಲ್ಲೇ ಆಚೆಯ ಮೈಸೂರು ಮೈನ್ಸ್ ಲೈನಿನ ಟೀಚರ್ ನೋಡಲು ಬರುತ್ತಾರೆ. ಅವರಿಗೆ ಮೊದಲು ಹೇಳಬೇಕಾದ್ದು ಏನೆಂದರೆ —

ಲಿಖಿತ ಎದ್ದಳು. ಕಣ್ಣುಜ್ಜುತ್ತಾ ಬಂದು ತೊಡೆ ಮೇಲೆ ಕೂತಿದ್ದಾಳೆ. ಪೆನ್ನು ಬೇಕಂತೆ. ಇರು ಕಂದಾ, ಇದೊಂದು ಸಾಲು ಬರೆ—